ನಿರೀಕ್ಷೆ ಎಂಬ ಹೊಣೆ: ಪಂಡಿತಾ ರಮಾಬಾಯಿ ನಡೆದ ದಾರಿ

ಕ್ರೈಸ್ತ ಪರಂಪರೆ ಮನುಷ್ಯನ ಒಳಬಾಳಿಗೆ ಆಧಾರವಾಗಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ಗುಣಗಳನ್ನು ಒಟ್ಟಿಗೆ ಹೆಸರಿಸುತ್ತದೆ. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯಲ್ಲಿ ಜೊತೆಯಾಗಿ ಬರುವ ಈ ಮೂರರಲ್ಲಿ ನಂಬಿಕೆಯ ಬಗ್ಗೆ ಶತಮಾನಗಳಿಂದ ವಾದಗಳು ನಡೆದಿವೆ, ಪ್ರೀತಿಯ ಬಗ್ಗೆ ಲೆಕ್ಕವಿಲ್ಲದಷ್ಟು ಪ್ರವಚನಗಳು ನಡೆದಿವೆ. ನಿರೀಕ್ಷೆಯು ಮಾತ್ರ ಬಹುಮಟ್ಟಿಗೆ ಸಮಾಧಾನದ ಮಾತೆಂದೇ ಉಳಿದುಬಿಟ್ಟಿದೆ. ಲೋಕದ ರೂಢಿಯಲ್ಲಿ ನಿರೀಕ್ಷೆಯೆಂದರೆ ಮಳೆ ಬಂದೀತು, ರೋಗ ವಾಸಿಯಾದೀತು, ಕೈತಪ್ಪಿದ್ದು ಮರಳಿ ದೊರೆತೀತು ಎಂಬ ಎಣಿಕೆ. ಕ್ರೈಸ್ತ ವಿಚಾರದಲ್ಲಿ ಅದರ ಬುನಾದಿ ಬೇರೆ. ಯೇಸುವಿನ ಶಿಲುಬೆಯ ಮರಣ ಮತ್ತು ಆ ಮರಣವನ್ನು ಗೆದ್ದು ಆತ ಮತ್ತೆ ಎದ್ದುದು, ಅಂದರೆ ಪುನರುತ್ಥಾನ, ಇವೆರಡರಲ್ಲಿ ದೇವರು ಮನುಷ್ಯನ ಪಕ್ಷಕ್ಕೆ ನಿಂತಾಗಿದೆ ಎಂಬ ನಿಶ್ಚಯದಿಂದ ಆ ನಿರೀಕ್ಷೆ ಹುಟ್ಟುತ್ತದೆ. ಆದ್ದರಿಂದಲೇ ಮಳೆ ಬಾರದಿದ್ದರೂ, ರೋಗ ವಾಸಿಯಾಗದಿದ್ದರೂ ಅದು ಬತ್ತಬೇಕಾಗಿಲ್ಲ ಎಂಬುದು ಆ ವಿಚಾರದ ತಿರುಳು.

ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ನಡತೆ, ಆ ನಡತೆಯಿಂದ ನಿರೀಕ್ಷೆ ಎಂಬ ಕ್ರಮವನ್ನು ವಿವರಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಿರೀಕ್ಷೆಯು ಕಷ್ಟದ ಆರಂಭದಲ್ಲೇ ಕೈಗೆ ಸಿಗುವ ಊರುಗೋಲಲ್ಲ. ನಡುವೆ ದೀರ್ಘವಾದ ತಾಳ್ಮೆಯ ಕಾಲವೊಂದು ಕಳೆಯಬೇಕು. ಈ ಮಾತು ಬರಿಯ ಉಪದೇಶವಾಗಿ ಉಳಿಯದೆ ಒಂದು ಜೀವದ ಮೈಯಲ್ಲಿ ಹೇಗೆ ಮೂಡುತ್ತದೆ ಎಂದು ಅರಿಯಲು, ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ, ಬರಗಾಲದಲ್ಲಿ ತಬ್ಬಲಿಯಾಗಿ, ಮುಂದೆ ಸಾವಿರಾರು ತಬ್ಬಲಿಗಳಿಗೆ ಮನೆ ಕಟ್ಟಿಕೊಟ್ಟ ಪಂಡಿತಾ ರಮಾಬಾಯಿ (1858–1922) ಅವರ ಬದುಕು ಭಾರತದ ಇತಿಹಾಸದಲ್ಲಿ ಸಿಗುವ ಅತ್ಯಂತ ಸ್ಪಷ್ಟವಾದ ಸಾಕ್ಷ್ಯಗಳಲ್ಲಿ ಒಂದು.

ಘಟ್ಟದ ಮನೆಯಿಂದ ಬರದ ದಾರಿಗೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣ ಮನೆತನದವರು, ಸಂಸ್ಕೃತದ ದೊಡ್ಡ ವಿದ್ವಾಂಸರು. ಆಚಾರದಲ್ಲಿ ಕಟ್ಟುನಿಟ್ಟಿನವರಾಗಿದ್ದರೂ ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ರೂಢಿಯನ್ನು ಅವರು ಒಪ್ಪಲಿಲ್ಲ. ಪತ್ನಿ ಲಕ್ಷ್ಮೀಬಾಯಿಗೆ ತಾವೇ ಪಾಠ ಹೇಳಿದ್ದಕ್ಕೆ ಆಕ್ಷೇಪಣೆ ಎದ್ದಾಗ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಕುದುರೆಮುಖ ಶ್ರೇಣಿಯ ಗಂಗಾಮೂಲ, ಅಂದರೆ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಕಾಡಿನ ನೆಲೆ, ಅವರು ಆಶ್ರಮ ಕಟ್ಟಿಕೊಂಡ ತಾಣ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು. ಅತಿಥಿಸತ್ಕಾರ ಮತ್ತು ವಿದ್ಯಾರ್ಥಿಗಳ ಪೋಷಣೆಯಲ್ಲಿ ಆಸ್ತಿ ಕರಗಿದ ಮೇಲೆ ಆ ಕುಟುಂಬ ಆಶ್ರಮವನ್ನು ಬಿಟ್ಟು ಪುರಾಣ ಹೇಳುವ ವೃತ್ತಿಯನ್ನು ಕೈಗೊಂಡು ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸತೊಡಗಿತು. ದೇವಸ್ಥಾನದ ಅಂಗಳದಲ್ಲೋ ನದಿಯ ಸೋಪಾನದಲ್ಲೋ ಕುಳಿತು ಸಂಸ್ಕೃತ ಪುರಾಣವನ್ನು ಓದುವುದು, ಕೇಳಲು ಬಂದವರು ಕೊಟ್ಟ ಅಕ್ಕಿ, ಹಣ್ಣು, ಕಾಸುಗಳಲ್ಲಿ ಬದುಕುವುದು, ಇದು ಪುರಾಣಿಕರ ಜೀವನಕ್ರಮ. ಬಾಲಕಿ ರಮಾ ತಾಯಿಯ ಬಾಯಿಂದಲೇ ಭಾಗವತವನ್ನು ಕಲಿತರು. ಮರಾಠಿ, ಕನ್ನಡ, ಹಿಂದುಸ್ತಾನಿಗಳು ತಿರುಗಾಟದಲ್ಲಿ ತಾವಾಗಿಯೇ ನಾಲಿಗೆಗೆ ಬಂದವು.

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಕಾಡಿದ ಬರಗಾಲ ಈ ಕುಟುಂಬವನ್ನು ನುಂಗಿತು. ಕೂಲಿಗೆ ಹೋಗಲು ಜಾತಿಯ ಅಭಿಮಾನ ಬಿಡಲಿಲ್ಲ, ಬೇಡಲು ಸಂಕೋಚ ಬಿಡಲಿಲ್ಲ. ಕೈಲಿದ್ದ ಅಷ್ಟಿಷ್ಟು ಹಣ ದಾನಕ್ಕೂ ಪೂಜೆಗೂ ಮುಗಿದುಹೋಯಿತು. ಪಾತ್ರೆ, ಒಡವೆ, ಬಟ್ಟೆಗಳನ್ನು ಮಾರಿ, ಕೊನೆಗೆ ಕಾಡಿನ ಎಲೆ, ಕಾಯಿಗಳನ್ನು ತಿಂದು ದಿನ ದೂಡಿದ ಕಾಲದಲ್ಲಿ, ವೃದ್ಧರಾಗಿ ದೃಷ್ಟಿ ಕಳೆದುಕೊಂಡಿದ್ದ ಅನಂತಶಾಸ್ತ್ರಿಗಳು ಪವಿತ್ರ ತೀರ್ಥವೊಂದರಲ್ಲಿ ಜಲಸಮಾಧಿಯಾಗಲು ನಿಶ್ಚಯಿಸಿದರು. ಮಗ ಶ್ರೀನಿವಾಸನು ಜಾತಿಯ ಅಭಿಮಾನವನ್ನು ಬದಿಗಿಟ್ಟು ಕೂಲಿ ಮಾಡಿಯಾದರೂ ಸಾಕುವುದಾಗಿ ಹೇಳಿದ್ದರಿಂದ ಆ ನಿಶ್ಚಯವೇನೋ ತಪ್ಪಿತು, ಆದರೆ ಹಸಿವಿನಿಂದ ಸೋತಿದ್ದ ಆ ದೇಹ ಬಹಳ ದಿನ ಉಳಿಯಲಿಲ್ಲ. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ, ಅನಂತರ ಕಾಲರಾದಿಂದ ಅಕ್ಕ ಅವರನ್ನು ಹಿಂಬಾಲಿಸಿದರು. ತಾಯಿಯ ಶವವನ್ನು ಹೊರಲು ಊರಿನಲ್ಲಿ ಕನಿಕರಪಟ್ಟು ಬಂದವರು ಇಬ್ಬರೇ. ಮಗ ಮೂರನೆಯವನಾಗಿ ಹೆಗಲು ಕೊಟ್ಟಾಗ, ನಾಲ್ಕನೆಯ ಮೂಲೆಯನ್ನು ಹೊರಬೇಕಾಗಿ ಬಂದ ಮಗಳು ಗಿಡ್ಡವಾಗಿದ್ದ ಕಾರಣ ಚಟ್ಟದ ತುದಿಯನ್ನು ತಲೆಯ ಮೇಲಿಟ್ಟುಕೊಂಡು ಸುಮಾರು ಮೂರು ಮೈಲಿ ದೂರದ ಮಸಣದವರೆಗೆ ನಡೆದರು.

ಅಣ್ಣತಂಗಿಯರು ಆಮೇಲೆ ದೇಶದ ಉದ್ದಗಲಕ್ಕೆ ಕಾಲ್ನಡಿಗೆಯಲ್ಲಿ ಸುತ್ತಿದರು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ, ಹೊದೆಯಲು ಕಂಬಳಿಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ ಕತ್ತಿನವರೆಗೆ ಮರಳು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಈ ಕಾಲವನ್ನು ಕುರಿತು ರಮಾಬಾಯಿ ಮುಂದೆ ಬರೆದ ಆತ್ಮಕಥನಾತ್ಮಕ ಬರಹಗಳಲ್ಲಿ ಹಸಿವಿನ ವರ್ಣನೆಗಿಂತ ಆಳವಾಗಿ ಕಾಣುವುದು ಇನ್ನೊಂದು ನಷ್ಟ. ವಿಧಿಸಿದ ವ್ರತ, ಉಪವಾಸ, ತೀರ್ಥಸ್ನಾನಗಳನ್ನು ಒಂದೂ ಬಿಡದೆ ನಡೆಸಿಯೂ ದೇವತೆಗಳು ಓಗೊಡಲಿಲ್ಲವೆಂಬ ಅರಿವು ಅವರಿಬ್ಬರ ಹುಟ್ಟುನಂಬಿಕೆಯನ್ನು ಮೆಲ್ಲಮೆಲ್ಲನೆ ಬರಿದು ಮಾಡಿತು. ಇದು ಅವರು ತಮ್ಮ ಅನುಭವವನ್ನು ಅರ್ಥಮಾಡಿಕೊಂಡ ಬಗೆ. ಅದೇ ಬರಗಾಲದಲ್ಲಿ ತಮ್ಮ ದೇವರನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ ಅಸಂಖ್ಯ ಜನರೂ ಇದ್ದರು. ದುಃಖವು ಒಬ್ಬರ ನಂಬಿಕೆಯನ್ನು ಕಟ್ಟಿ ಇನ್ನೊಬ್ಬರದನ್ನು ಕೆಡವುತ್ತದೆ ಎಂಬ ಸತ್ಯವನ್ನು ಒಪ್ಪಿಕೊಂಡಾಗಲೇ ಅವರ ಮುಂದಿನ ನಡೆಯನ್ನು ನ್ಯಾಯವಾಗಿ ತೂಗಲು ಸಾಧ್ಯ.

ಸಿಲ್ಚಾರ್‌ನಲ್ಲಿ ಸಿಕ್ಕ ಸಣ್ಣ ಪುಸ್ತಕ

1878ರಲ್ಲಿ ಕಲ್ಕತ್ತೆಯನ್ನು ತಲುಪಿದ ರಮಾಬಾಯಿ ಅಲ್ಲಿನ ವಿದ್ವಾಂಸರನ್ನು ತಮ್ಮ ಪಾಂಡಿತ್ಯದಿಂದ ಬೆರಗುಗೊಳಿಸಿ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದರು. ಹೊರಗೆ ಕೀರ್ತಿ ಬೆಳೆಯುತ್ತಿದ್ದ ಹೊತ್ತಿನಲ್ಲೇ, ಹಸಿವಿನ ವರ್ಷಗಳಲ್ಲಿ ಸೊರಗಿದ್ದ ಅಣ್ಣ ಶ್ರೀನಿವಾಸ 1880ರಲ್ಲಿ ತೀರಿಕೊಂಡರು. ಅದೇ ವರ್ಷ ಅವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಸಿವಿಲ್ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಿ ಅಸ್ಸಾಮಿನ ಸಿಲ್ಚಾರ್‌ನಲ್ಲಿ ನೆಲೆಸಿದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ಆ ತರುಣಿಯ ಮಡಿಲಲ್ಲಿ ಉಳಿದದ್ದು ವರ್ಷವೂ ತುಂಬದ ಕೂಸು.

ಸಿಲ್ಚಾರ್‌ನ ಮನೆಯಲ್ಲಿದ್ದ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಅವರ ಕಣ್ಣಿಗೆ ಬಿದ್ದಿತ್ತು. ಸುವಾರ್ತೆಗಳೆಂದರೆ ಯೇಸುವಿನ ಜನನ, ಬೋಧನೆ, ಮರಣ, ಪುನರುತ್ಥಾನಗಳನ್ನು ನಿರೂಪಿಸುವ ನಾಲ್ಕು ಗ್ರಂಥಗಳು; ಅವುಗಳಲ್ಲಿ ಲೂಕನದು ಬಡವರು, ವಿಧವೆಯರು, ಸಮಾಜ ದೂರವಿಟ್ಟವರು ಇವರ ಕಡೆಗೆ ವಿಶೇಷವಾಗಿ ಮುಖ ಮಾಡಿದ ಗ್ರಂಥ. ಆ ಓದು ಕೂಡಲೇ ಅವರನ್ನು ಕ್ರೈಸ್ತರನ್ನಾಗಿ ಮಾಡಲಿಲ್ಲ, ಒಂದು ಕುತೂಹಲವನ್ನು ಬಿತ್ತಿತು. ಅದೇ ವರ್ಷ ಪುಣೆಗೆ ಬಂದು, ಸ್ತ್ರೀಯರ ಶಿಕ್ಷಣಕ್ಕಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಂಗಸರಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದ ಅವರು, ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ವಾಸಿಸುತ್ತಾ, 1883ರ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ದೀಕ್ಷಾಸ್ನಾನವೆಂದರೆ ನೀರಿನ ಸಂಸ್ಕಾರದ ಮೂಲಕ ಕ್ರೈಸ್ತ ಸಭೆಗೆ ಸೇರುವ ವಿಧಿ. ಹಳೆಯ ಬದುಕಿಗೆ ಸತ್ತು ಹೊಸ ಬದುಕಿಗೆ ಏಳುವುದರ ಸಂಕೇತ. ಕಿವಿ ಮಂದವಾಗುತ್ತಾ ಬಂದದ್ದರಿಂದ ವೈದ್ಯಕೀಯದ ಕನಸು ಮಾತ್ರ ಅಲ್ಲಿಗೇ ನಿಂತಿತು.

ಇಂಗ್ಲೆಂಡಿನಲ್ಲಿ ಅವರ ಮನಸ್ಸನ್ನು ತಿರುಗಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಮನೆ. ಲಂಡನ್ನಿನ ಫುಲಮ್ ಬಡಾವಣೆಯಲ್ಲಿ ಆ ಸನ್ಯಾಸಿನಿಯರು, ಸಮಾಜ ‘ಕೆಟ್ಟವರು’ ಎಂದು ಹೊರಗಟ್ಟಿದ ಹೆಂಗಸರಿಗೆ ಆಸರೆ ಕೊಟ್ಟು ಅವರನ್ನು ಮತ್ತೆ ಬದುಕಿಗೆ ಹಚ್ಚುತ್ತಿದ್ದರು. ಇಷ್ಟು ಕರುಣೆಯ ಮೂಲವೇನೆಂದು ರಮಾಬಾಯಿ ಕೇಳಿದಾಗ, ಸಮಾರ್ಯದ ಸ್ತ್ರೀಯೊಂದಿಗೆ ಬಾವಿಯ ಬಳಿ ಯೇಸು ನಡೆಸಿದ ಸಂಭಾಷಣೆಯನ್ನು ಒಬ್ಬ ಸನ್ಯಾಸಿನಿ ಅವರಿಗೆ ಓದಿ ವಿವರಿಸಿದರು. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಆ ಪ್ರಸಂಗದಲ್ಲಿ ಯೆಹೂದ್ಯರು ಮುಟ್ಟದ ಕುಲದವಳೂ, ಊರವರ ಕಣ್ಣಿನಲ್ಲಿ ಮಾನ ಕಳೆದುಕೊಂಡವಳೂ ಆದ ಹೆಂಗಸಿನಿಂದ ಯೇಸು ನೀರು ಕೇಳಿ, ಅವಳೊಂದಿಗೆ ದೇವರ ಆರಾಧನೆಯ ವಿಷಯವಾಗಿ ಸರಿಸಮನಾಗಿ ಮಾತನಾಡುತ್ತಾನೆ. ಕುಲ, ಲಿಂಗ, ಕಳಂಕ ಮೂರನ್ನೂ ಒಂದೇ ಮಾತುಕತೆಯಲ್ಲಿ ದಾಟಿದ ಆ ನಡೆಯಲ್ಲಿ, ಭಾರತದ ಸ್ತ್ರೀಯರ ಬಿಡುಗಡೆಗೆ ಬೇಕಾದ ಬಲವಿದೆಯೆಂದು ರಮಾಬಾಯಿಗೆ ಮನವರಿಕೆಯಾಯಿತು.

ಪ್ರಶ್ನೆಯನ್ನು ಬಿಡದ ವಿಶ್ವಾಸ

ಕಷ್ಟಕಾಲದಲ್ಲಿ ಧರ್ಮದ ಆಸರೆ ಹುಡುಕುವವರು ಬುದ್ಧಿಯನ್ನು ಹೊರಗಿಟ್ಟು ಒಳಗೆ ಬರುತ್ತಾರೆಂಬ ಆಪಾದನೆ ಹಳೆಯದು. ರಮಾಬಾಯಿಯವರ ಪತ್ರಗಳನ್ನು ಓದಿದವರಿಗೆ ಆ ಆಪಾದನೆಯನ್ನು ಅವರ ಮೇಲೆ ಹೊರಿಸಲು ಆಗದು. ಚೆಲ್ಟನಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಾ ತಾವೂ ಕಲಿಯುತ್ತಿದ್ದ ದಿನಗಳಲ್ಲಿ, ವಾಂಟೇಜ್‌ನ ಸಿಸ್ಟರ್ ಜೆರಾಲ್ಡಿನ್ ಮತ್ತು ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರದಲ್ಲಿ ಅವರು ತ್ರಿತ್ವವನ್ನು, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಾಗಿದ್ದಾನೆ ಎಂಬ ಸಿದ್ಧಾಂತವನ್ನು, ತಮಗೆ ಮನವರಿಕೆಯಾಗುವವರೆಗೆ ಒಪ್ಪಲಾರೆನೆಂದು ನೇರವಾಗಿ ಬರೆದರು. ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಕಳಚಿದವರು ಇನ್ನೊಂದರ ನೊಗಕ್ಕೆ ಹೆಗಲು ಕೊಡುವುದಿಲ್ಲವೆಂಬುದು ಅವರ ನಿಲುವಾಗಿತ್ತು.

ಸ್ವದೇಶದಲ್ಲಿಯೂ ಅವರು ಎರಡು ಕಡೆಯಿಂದ ಪೆಟ್ಟು ತಿಂದರು. ಅಮೆರಿಕದಲ್ಲಿ ‘ದಿ ಹೈ ಕಾಸ್ಟ್ ಹಿಂದು ವುಮನ್’ ಎಂಬ ಪುಸ್ತಕವನ್ನು 1887ರಲ್ಲಿ ಪ್ರಕಟಿಸಿ, ಬಾಸ್ಟನ್ನಿನಲ್ಲಿ ರಚನೆಯಾದ ಸಂಘವೊಂದರಿಂದ ಹತ್ತು ವರ್ಷಗಳ ನೆರವಿನ ಭರವಸೆ ಪಡೆದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಓದಿದ ಮೊದಲ ವಿಧವೆ ಗೋದೂಬಾಯಿ ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಎಂದು ಹೆಸರಾದರು. ಸದನದ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂರುತ್ತಾರೆಂಬ ಸುದ್ದಿ ಹಬ್ಬಿದಾಗ ಮತಾಂತರದ ಆಪಾದನೆ ಎದ್ದು, ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಸುಧಾರಕರು ಸದನದ ಸಲಹಾ ಮಂಡಳಿಯಿಂದ ಹಿಂದೆ ಸರಿದರು, ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ತಮ್ಮ ಮಕ್ಕಳ ಧರ್ಮದ ಬಗ್ಗೆ ಪೋಷಕರಿಗಿದ್ದ ಆತಂಕ ಸಹಜವಾದದ್ದು. ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುವ ಹಕ್ಕು ತಮಗಿದೆಯೆಂಬ ರಮಾಬಾಯಿಯವರ ವಾದವೂ ಪ್ರಾಮಾಣಿಕವಾದದ್ದು. ಈ ಎರಡರ ತಿಕ್ಕಾಟದಲ್ಲಿ ಅವರು ಹಳೆಯ ಗೆಳೆಯರನ್ನು ಕಳೆದುಕೊಂಡರು.

ಇದೇ ಕಾಲದ ಒಳಗಿನ ಬದಲಾವಣೆಯೊಂದನ್ನು ಅವರು ‘ಎ ಟೆಸ್ಟಿಮನಿ’ ಎಂದು ಹೆಸರಾದ 1907ರ ಬರಹದಲ್ಲಿ ದಾಖಲಿಸಿದ್ದಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತಮಗೆ ಕ್ರೈಸ್ತ ಧರ್ಮ ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂಬುದು 1891ರ ಸುಮಾರಿಗೆ ಅವರಿಗೆ ಹೊಳೆಯಿತು. ಧರ್ಮಶಾಸ್ತ್ರ ಇದನ್ನು ಕೃಪೆಯ ಅನುಭವವೆಂದು ಕರೆಯುತ್ತದೆ. ಮನುಷ್ಯನು ಪುಣ್ಯದಿಂದ ಗಳಿಸದೆಯೇ ದೇವರು ಉಚಿತವಾಗಿ ಕೊಡುವ ಅನುಗ್ರಹವೇ ಕೃಪೆ. ತಂದೆ, ತಾಯಿ ವ್ರತನಿಯಮಗಳಲ್ಲಿ ತಮ್ಮನ್ನೇ ಸವೆಸಿಕೊಂಡು ಬರಿಗೈಯಲ್ಲಿ ಸತ್ತುದನ್ನು ಕಂಡಿದ್ದ ಮಗಳಿಗೆ, ಗಳಿಸಬೇಕಾಗಿಲ್ಲದ ಅನುಗ್ರಹವೊಂದಿದೆ ಎಂಬ ಮಾತು ಎಷ್ಟು ದೊಡ್ಡ ಬಿಡುಗಡೆಯಾಗಿ ಕೇಳಿಸಿರಬೇಕೆಂಬುದನ್ನು ಆ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಮಾತ್ರ ಗ್ರಹಿಸಬಹುದು. ಅವರ ಮೊದಲ ದುಃಖ 1874ರದು. ಈ ನೆಮ್ಮದಿ ಬಂದದ್ದು ಹದಿನೇಳು ವರ್ಷಗಳ ಅನಂತರ. ಪೌಲನು ಕಷ್ಟಕ್ಕೂ ನಿರೀಕ್ಷೆಗೂ ನಡುವೆ ತಾಳ್ಮೆಯನ್ನಿಟ್ಟದ್ದು ಸುಮ್ಮನೆ ಅಲ್ಲ.

ಎರಡನೆಯ ಬರಗಾಲ

ಆ ನಿರೀಕ್ಷೆಯ ಬೆಲೆ ತಿಳಿದದ್ದು ಎರಡನೆಯ ಬರಗಾಲದಲ್ಲಿ. 1896–97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಕ್ಷಾಮ ತಲೆದೋರಿ, ಹೆಣ್ಣುಮಕ್ಕಳು ಅನ್ನಕ್ಕಾಗಿ ಮಾರಾಟವಾಗುತ್ತಿರುವ ಸುದ್ದಿ ಬಂದಾಗ, ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ರಮಾಬಾಯಿ ತಾವೇ ಅಲ್ಲಿಗೆ ಹೋದರು. ಅದೇ ವಯಸ್ಸಿನಲ್ಲಿ ಅದೇ ಹಸಿವಿನಿಂದ ಅಲೆದಿದ್ದ ತಮ್ಮನ್ನು ಆ ಹುಡುಗಿಯರಲ್ಲಿ ಕಂಡುದಾಗಿ ಅವರು ಬರೆದಿದ್ದಾರೆ. ಸುಮಾರು 300 ಮಂದಿಯನ್ನು ಪುಣೆಗೆ ಕರೆತಂದ ಹೊತ್ತಿಗೆ ಅಲ್ಲಿ ಪ್ಲೇಗು ಹಬ್ಬಿದ್ದರಿಂದ, ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೆಡಗಾಂವ್‌ನ ಸುಮಾರು ನೂರು ಎಕರೆ ಬಯಲು ಅವರ ನೆಲೆಯಾಯಿತು. ಅಲ್ಲಿ ಬೆಳೆದ ಸಂಸ್ಥೆಗೆ ‘ಮುಕ್ತಿ’ ಎಂದು ಹೆಸರಿಟ್ಟರು. 1900ರ ಗುಜರಾತ್ ಕ್ಷಾಮದಲ್ಲಿ ಇನ್ನೂ ನೂರಾರು ಮಂದಿ ಸೇರಿ, ನಿವಾಸಿಗಳ ಸಂಖ್ಯೆ 1500ನ್ನು ದಾಟಿತು.

ಕೆಡಗಾಂವ್‌ನಲ್ಲಿ ನಡೆದದ್ದನ್ನು ಬರಿಯ ಅನ್ನದಾನವೆಂದು ಕರೆಯಲಾಗದು. ಓದು, ಬರಹದ ಜೊತೆಗೆ ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಅಚ್ಚುಕೂಟ ಹೀಗೆ ಹತ್ತಾರು ಕಸುಬುಗಳನ್ನು ಹುಡುಗಿಯರೇ ಕಲಿತು ನಡೆಸಿದರು. ದುಷ್ಟರ ಕೈಗೆ ಸಿಕ್ಕು ನೊಂದವರಿಗೆ ಕೃಪಾ ಸದನ, ವೃದ್ಧೆಯರಿಗೂ ದುರ್ಬಲರಿಗೂ ಪ್ರೀತಿ ಸದನ, ಅಂಧರಿಗೆ ಬಾರ್ತಿಮಿ ಸದನ ಎಂಬ ಮನೆಗಳು ಎದ್ದವು. ಬಾರ್ತಿಮಿಯು ಸುವಾರ್ತೆಯಲ್ಲಿ ಯೇಸುವನ್ನು ಕೂಗಿ ಕರೆದು ದೃಷ್ಟಿ ಪಡೆದ ಕುರುಡ ಭಿಕ್ಷುಕ. ಅಮೆರಿಕದಲ್ಲಿ ಓದುವಾಗ ಬ್ರೈಲ್ ಲಿಪಿಯನ್ನು ಕಲಿತು ಬಂದ ಮಗಳು ಮನೋರಮಾ ಅಂಧ ಹುಡುಗಿಯರಿಗೆ ಆ ಅಕ್ಷರಗಳನ್ನು ಕಲಿಸಿದಳು. ಆಗ ನಿಜಾಮರ ಆಡಳಿತದಲ್ಲಿದ್ದ ಕಲಬುರಗಿಯಲ್ಲಿ 1912ರ ಸುಮಾರಿಗೆ ಶಾಲೆಯೊಂದು ಆರಂಭವಾಗಿ, ಅದರ ಮುಖ್ಯಸ್ಥೆಯ ಹೊಣೆಯನ್ನೂ ಮನೋರಮಾ ಹೊತ್ತುದರಿಂದ, ಕನ್ನಡ ನೆಲದಲ್ಲಿ ಹುಟ್ಟಿದ ತಾಯಿಯ ಕೆಲಸದ ಒಂದು ಕವಲು ಕನ್ನಡ ನೆಲಕ್ಕೆ ಮರಳಿ ಬಂದಂತಾಯಿತು.

ಕ್ರೈಸ್ತ ನಿರೀಕ್ಷೆ ಪರಲೋಕದ ಸುಖವನ್ನು ತೋರಿಸಿ ಇಹದ ಅನ್ಯಾಯವನ್ನು ಸಹಿಸಿಕೊಳ್ಳಲು ಕಲಿಸುತ್ತದೆ ಎಂಬ ಟೀಕೆಗೆ ಕೆಡಗಾಂವ್ ಒಂದು ಉತ್ತರ. ನಿತ್ಯಜೀವದಲ್ಲಿ ರಮಾಬಾಯಿಗೆ ಗಟ್ಟಿಯಾದ ನಂಬಿಕೆಯಿತ್ತು. ಆ ನಂಬಿಕೆಯೇ ಅವರನ್ನು, ಪ್ಲೇಗು ಆಸ್ಪತ್ರೆಯಲ್ಲಿ ತಮ್ಮ ಸದನದ ಹುಡುಗಿಗಾದ ಅನ್ಯಾಯದ ವಿರುದ್ಧ ಬ್ರಿಟಿಷ್ ಸರ್ಕಾರದ ವ್ಯವಸ್ಥೆಯನ್ನೇ ಖಂಡಿಸಿ 1897ರಲ್ಲಿ ಪತ್ರಿಕೆಗೆ ಬರೆಯುವಂತೆ ಮಾಡಿತು. ದೇವರ ಕಣ್ಣಿನಲ್ಲಿ ಪ್ರತಿಯೊಂದು ಜೀವಕ್ಕೂ ಭವಿಷ್ಯವಿದೆ ಎಂದು ನಿಜವಾಗಿ ನಂಬಿದವರು, ಆ ಜೀವವನ್ನು ಸಮಾಜ ಎಸೆದುಬಿಡುವುದನ್ನು ನೋಡುತ್ತಾ ಕೂರಲಾರರು.

ಕೊನೆಯ ಪರೀಕ್ಷೆ

ದುಃಖವನ್ನು ದೇವರ ಮುಂದೆ ತೋಡಿಕೊಳ್ಳುವುದು ಅವಿಶ್ವಾಸದ ಗುರುತೆಂದು ಭಾವಿಸುವ ಭಕ್ತರಿದ್ದಾರೆ. ಬೈಬಲ್ ಹಾಗೆ ಹೇಳುವುದಿಲ್ಲ. ಅದರ ಪ್ರಾರ್ಥನಾ ಪುಸ್ತಕವಾದ ಕೀರ್ತನೆಗಳಲ್ಲಿ ಇರುವ 150 ಹಾಡುಗಳ ಪೈಕಿ ಮೂರರಲ್ಲಿ ಒಂದು ಭಾಗದಷ್ಟು ಪ್ರಲಾಪಗಳೇ; ಅಂದರೆ ದೇವರು ಯಾಕೆ ಮುಖ ಮರೆಮಾಡಿದ್ದಾನೆ ಎಂದು ಅಳುವ, ಆತನನ್ನೇ ಪ್ರಶ್ನಿಸುವ ಹಾಡುಗಳು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ದೇವರೊಂದಿಗೆ ವಾದಕ್ಕಿಳಿಯುತ್ತಾನೆ. ಗ್ರಂಥದ ಕೊನೆಯಲ್ಲಿ ದೇವರು ಗದರಿಸುವುದು, ಯೋಬನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ಸುಲಭವಾಗಿ ವಿವರಿಸಿದ ಗೆಳೆಯರನ್ನು. ಸ್ವತಃ ಯೇಸುವೂ ಶಿಲುಬೆಯ ಮೇಲೆ ಅಂಥದೊಂದು ಕೀರ್ತನೆಯ ಮಾತಿನಲ್ಲಿಯೇ ಮೊರೆಯಿಟ್ಟನು. ಹೀಗೆ ಪ್ರಲಾಪವು ನಿರೀಕ್ಷೆಯ ಎದುರಾಳಿಯಾಗಿರದೆ ಅದರ ಒಡಹುಟ್ಟಾಗಿದೆ. ಕೇಳುವವನು ಇದ್ದಾನೆಂದು ನಂಬಿದವರು ಮಾತ್ರ ಅವನ ಮುಂದೆ ದೂರು ಇಡುತ್ತಾರೆ.

ರಮಾಬಾಯಿಯವರ ಕೊನೆಯ ವರ್ಷಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಇಡೀ ಬೈಬಲನ್ನು ಓದುಬರಹ ಕಡಿಮೆಯಿದ್ದ ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರಬೇಕೆಂದು ಸಂಕಲ್ಪಿಸಿ, ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಅವರು ದುಡಿದರು. ಮೊಳೆ ಜೋಡಿಸುವುದರಿಂದ ಹಿಡಿದು ಮುದ್ರಣದವರೆಗಿನ ಕೆಲಸವನ್ನು ಕ್ಷಾಮದಿಂದ ಬದುಕುಳಿದು ಬಂದ ಹೆಣ್ಣುಮಕ್ಕಳೇ ಮುಕ್ತಿಯ ಅಚ್ಚುಕೂಟದಲ್ಲಿ ಮಾಡಿದರು. ಆ ಕೆಲಸ ಮುಗಿಯುವ ಹಂತಕ್ಕೆ ಬಂದಾಗ, 1921ರ ಜುಲೈ 24ರಂದು, ತಮ್ಮ ನಂತರ ಸಂಸ್ಥೆಯನ್ನು ಮುನ್ನಡೆಸಬೇಕಾಗಿದ್ದ ಮನೋರಮಾ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಿಲ್ಚಾರ್‌ನಲ್ಲಿ ಉಳಿದಿದ್ದ ಒಂದೇ ಒಂದು ಕರುಳಿನ ಕೊಂಡಿಯೂ ಹೀಗೆ ಕಳಚಿತು. ಕಿವುಡು, ಕಾಯಿಲೆ, ವೃದ್ಧಾಪ್ಯಗಳ ನಡುವೆ ರಮಾಬಾಯಿ ಅನುವಾದದ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ಅದನ್ನು ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಪೂರ್ಣ ಬೈಬಲ್ 1924ರಲ್ಲಿ ಹೊರಬಂತು.

ನಲವತ್ತೇಳು ವರ್ಷಗಳ ಅಂತರದ ಈ ಎರಡು ದುಃಖಗಳನ್ನು ಅಕ್ಕಪಕ್ಕ ಇಟ್ಟರೆ ಅವರ ಬದುಕು ಕಲಿಸುವ ಪಾಠ ತಿಳಿಯಾಗುತ್ತದೆ. 1874ರ ಸಾವುಗಳು ಹದಿನಾರರ ಹುಡುಗಿಯ ನಂಬಿಕೆಯ ಬುಡವನ್ನೇ ಅಲುಗಿಸಿದವು. 1921ರ ಸಾವು ಅದಕ್ಕಿಂತ ಕಡಿಮೆ ಕ್ರೂರವಾಗಿರಲಿಲ್ಲ. ಆದರೂ ಅದು ಕೆಲಸವನ್ನು ಕೈಯಿಂದ ಕಸಿಯಲಿಲ್ಲ. ಈ ನಡುವೆ ದೇವರು ಅವರ ಕಷ್ಟಗಳನ್ನು ತೆಗೆದುಹಾಕಿದ್ದನೆಂದು ಯಾರೂ ಹೇಳಲಾರರು. ಬದಲಾದದ್ದು ಕಷ್ಟದ ಮುಂದೆ ಅವರು ನಿಂತ ನೆಲೆ. ತಮ್ಮನ್ನು ಗಳಿಕೆಯಿಲ್ಲದೆ ಪ್ರೀತಿಸಿದವನೊಬ್ಬನಿದ್ದಾನೆ, ಆತ ಮರಣವನ್ನು ದಾಟಿದವನು, ಆದ್ದರಿಂದ ಸತ್ತವರೂ ಆತನ ಕೈಯಿಂದ ಜಾರಿಲ್ಲ ಎಂಬ ನಿಶ್ಚಯ ಅವರ ಕಾಲಿನ ಕೆಳಗಿತ್ತು. ಅದರ ಜೊತೆಗೆ, ಅದೇ ನಿಶ್ಚಯವನ್ನು ಹಸಿದ ಹುಡುಗಿಯರ ತಟ್ಟೆಗೆ ಅನ್ನವಾಗಿ, ಅಂಧರ ಬೆರಳಿಗೆ ಅಕ್ಷರವಾಗಿ, ವಿಧವೆಯರ ಕೈಗೆ ಕಸುಬಾಗಿ ತಲುಪಿಸುವ ದಿನನಿತ್ಯದ ದುಡಿಮೆ ಇತ್ತು.

ಇಂದು ಆಸ್ಪತ್ರೆಯ ವಾರ್ಡಿನಲ್ಲಿ, ಸಾಲದ ಹೊರೆಯಲ್ಲಿ, ಅಗಲಿಕೆಯ ಮನೆಯಲ್ಲಿ ಕುಳಿತು ಯೇಸುವಿನ ಕಡೆ ನೋಡುವವರಿಗೆ ರಮಾಬಾಯಿ ನೀಡುವ ಧೈರ್ಯ ಬಹಳ ಪ್ರಾಮಾಣಿಕವಾದದ್ದು. ನೆಮ್ಮದಿ ತಡವಾಗಿ ಬರಬಹುದು, ಪ್ರಶ್ನೆಗಳು ಉಳಿಯಬಹುದು, ಅಳು ನಿಲ್ಲದಿರಬಹುದು. ಇವುಗಳಲ್ಲಿ ಯಾವುದೂ ನಂಬಿಕೆ ಸೋತದ್ದರ ಲಕ್ಷಣವಲ್ಲ. ತನ್ನ ನೋವು ಇನ್ನೂ ಹಸಿಯಾಗಿರುವಾಗಲೇ ಪಕ್ಕದವರ ನೋವಿಗೆ ಕೈಚಾಚಲು ಮನಸ್ಸು ಮುಂದಾದರೆ, ಕ್ರೈಸ್ತ ನಿರೀಕ್ಷೆ ಆ ಜೀವದಲ್ಲಿ ಕೆಲಸ ಆರಂಭಿಸಿದೆ ಎಂದೇ ತಿಳಿಯಬೇಕು. ಬರದಲ್ಲಿ ಎಲ್ಲವನ್ನೂ ಕಳೆದುಕೊಂಡ ಒಬ್ಬ ಹುಡುಗಿಗೆ ಅದು ಅಷ್ಟು ದೊಡ್ಡ ಮನೆ ಕಟ್ಟುವ ಬಲ ಕೊಟ್ಟಿದೆಯೆಂಬುದು ಚರಿತ್ರೆ. ಕೆಡಗಾಂವ್‌ನ ಮುಕ್ತಿ ಸಂಸ್ಥೆ ನಿರಾಶ್ರಿತ ಹೆಂಗಸರನ್ನೂ ಮಕ್ಕಳನ್ನೂ ಇಂದಿಗೂ ಪೋಷಿಸುತ್ತಿರುವುದು ಆ ಚರಿತ್ರೆಯ ಮುಂದುವರಿಕೆ.